ದಯಾಮರಣ: ಕೇಳುತ್ತಿರುವವರು ಯಾರು?

ಓದುಗರ ಪ್ರಶ್ನೆ, ವೈದ್ಯರ ಉತ್ತರ

ಗುಣವಾಗುವ ಭರವಸೆಯಿಲ್ಲದ ರೋಗಿಗಳಿಗೆ ಘನತೆಯಿಂದ ಸಾಯುವ ಹಕ್ಕಿದೆ ಎಂಬ ಸುಪ್ರೀಂ ಕೋರ್ಟಿನ ತೀರ್ಪನ್ನು ಜಾರಿಗೆ ತರಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿತ್ತು. ಅದರ ಬಗ್ಗೆ ಈ ಅಂಕಣದಲ್ಲಿ ಬರೆದ ಮೇಲೆ ಪತ್ರಗಳ ಒಂದು ಕಟ್ಟೇ ಬಂದಿದೆ. ಒಂದೇ ಪ್ರಶ್ನೆಯನ್ನು ಹಲವರು ಕೇಳಿದ್ದಲ್ಲಿ ಒಬ್ಬರ ಪತ್ರವನ್ನು ಮಾತ್ರ ಆರಿಸಿಕೊಂಡಿದ್ದೇನೆ. ತಮ್ಮ ಮನೆಯ ಸಾವಿನ ಬಗ್ಗೆ ಬರೆದವರೇ ಹೆಚ್ಚಾದುದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನಮ್ಮ ತಂದೆಗೆ 78 ವರ್ಷ. ಮೆದುಳಿನಲ್ಲಿ ರಕ್ತಸ್ರಾವವಾಗಿ 19 ದಿನ ಐಸಿಯುನಲ್ಲಿ ವೆಂಟಿಲೇಟರ್ ಮೇಲಿದ್ದರು. ಕಣ್ಣು ಬಿಡಲಿಲ್ಲ. ಕೊನೆಗೆ ಡಾಕ್ಟರು, ‘ಇನ್ನು ಮಾಡುವುದೇನೂ ಉಳಿದಿಲ್ಲ, ಬೇಕಿದ್ದರೆ ಮನೆಗೆ ಕರೆದುಕೊಂಡು ಹೋಗಿ’ ಎಂದರು. ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದೇವೆ ಎಂಬ ಕಾಗದಕ್ಕೆ ನಾನೇ ಸಹಿ ಹಾಕಿದೆ. ಆಂಬುಲೆನ್ಸಿನಲ್ಲಿ ಗಾಳಿಚೀಲ ಒತ್ತುತ್ತಿದ್ದ ಹುಡುಗ ನಮ್ಮೂರ ಕ್ರಾಸ್ ಹತ್ತಿರ ಬಂದಾಗ ಕೈ ನಿಲ್ಲಿಸಿ, ‘ಅಕ್ಕಾ, ಆಯ್ತು’ ಎಂದ. ಹೊರದೇಶದಲ್ಲಿರುವ ನನ್ನ ತಮ್ಮ, ನಾನು ಅಪ್ಪನಿಗೆ ದಯಾಮರಣ ಕೊಡಿಸಿದೆ ಎಂದು ಎಲ್ಲರ ಹತ್ತಿರ ಹೇಳುತ್ತಿದ್ದಾನೆ. ನಾನು ಮಾಡಿದ್ದು ಅದೇನಾ? (ಓದುಗಿ, ಸಾಗರ ತಾಲ್ಲೂಕು)

ಉತ್ತರ: ನಿಮ್ಮ ತಂದೆಯ ಸಾವಿಗೆ ಕಾರಣ ಮೆದುಳಿನ ರಕ್ತಸ್ರಾವ. ವೆಂಟಿಲೇಟರ್ ಆ ಸಾವನ್ನು ಹತ್ತೊಂಬತ್ತು ದಿನ ಹೊಸ್ತಿಲಾಚೆ ನಿಲ್ಲಿಸಿತ್ತು, ಅಷ್ಟೆ. ತಾನಾಗಿ ಉಸಿರಾಡಲಾರದ, ಚೇತರಿಸುವ ಲಕ್ಷಣವಿಲ್ಲದ ರೋಗಿಯಿಂದ ಯಂತ್ರವನ್ನು ತೆಗೆದಾಗ ರೋಗ ತನ್ನ ದಾರಿ ಹಿಡಿಯುತ್ತದೆ. ಅದಕ್ಕೂ, ಬದುಕಬಲ್ಲ ಒಬ್ಬರನ್ನು ಔಷಧಿ ಚುಚ್ಚಿ ಸಾಯಿಸುವುದಕ್ಕೂ ಇರುವ ಅಂತರವನ್ನು ನಿಮ್ಮ ತಮ್ಮನಿಗೆ ಯಾರಾದರೂ ಕೂರಿಸಿಕೊಂಡು ತಿಳಿಹೇಳಬೇಕಾಗಿತ್ತು. ಆ ಕೆಲಸ ಆಸ್ಪತ್ರೆಯದ್ದಾಗಿತ್ತು, ನಿಮ್ಮದಲ್ಲ.

ಗೊಂದಲಕ್ಕೆ ಪದವೂ ಒಂದು ಕಾರಣ. ಕನ್ನಡದಲ್ಲಿ ನಾವು ಮೂರು ಬೇರೆ ಬೇರೆ ಸಂಗತಿಗಳಿಗೆ ‘ದಯಾಮರಣ’ ಎಂಬ ಒಂದೇ ಪದವನ್ನು ಬಳಸುತ್ತೇವೆ. ರೋಗಿಯ ಕೋರಿಕೆಯ ಮೇಲೆ ವೈದ್ಯರೇ ಮಾರಕ ಔಷಧಿ ಕೊಡುವುದು ಸಕ್ರಿಯ ದಯಾಮರಣ. ವೈದ್ಯರು ಔಷಧಿ ಬರೆದುಕೊಟ್ಟು, ರೋಗಿ ತನ್ನ ಕೈಯಾರೆ ಅದನ್ನು ತೆಗೆದುಕೊಳ್ಳುವುದು ನೆರವಿನ ಸಾವು. ಫಲ ಕೊಡದ ಜೀವರಕ್ಷಕ ಚಿಕಿತ್ಸೆಯನ್ನು ಆರಂಭಿಸದಿರುವುದು ಅಥವಾ ನಿಲ್ಲಿಸುವುದು ಮೂರನೆಯದು. ಪತ್ರಿಕೆಗಳು ಇದನ್ನು ‘ನಿಷ್ಕ್ರಿಯ ದಯಾಮರಣ’ ಎನ್ನುತ್ತವೆ. ಮೊದಲಿನ ಎರಡೂ ಭಾರತದಲ್ಲಿ ಅಪರಾಧ. ರೋಗಿಯೇ ಒಪ್ಪಿಗೆ ಕೊಟ್ಟಿದ್ದರೂ ಸಕ್ರಿಯ ದಯಾಮರಣ ಕಾನೂನಿನ ಕಣ್ಣಿನಲ್ಲಿ ‘ಕೊಲೆಯಲ್ಲದ ದಂಡನೀಯ ನರಹತ್ಯೆ’ಯಾಗುತ್ತದೆ, ನೆರವಿನ ಸಾವು ಆತ್ಮಹತ್ಯೆಗೆ ಕುಮ್ಮಕ್ಕು ಎನಿಸಿಕೊಳ್ಳುತ್ತದೆ. ಮೂರನೆಯದಕ್ಕೆ 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಸ್ಪಷ್ಟವಾಗಿ ಸಮ್ಮತಿ ನೀಡಿತು. ‘ಕಾಮನ್ ಕಾಸ್’ ಎಂಬ ಸಂಸ್ಥೆ 2005ರಲ್ಲಿ ಹೂಡಿದ್ದ ಅರ್ಜಿಯ ಮೇಲೆ ಬಂದ ಆ ತೀರ್ಪು, ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲಿ ಘನತೆಯ ಸಾವೂ ಸೇರಿದೆ ಎಂದಿತು.

ಆದರೆ ತೀರ್ಪಿನೊಡನೆ ಬಂದ ನಿಯಮಗಳು ಎಷ್ಟು ತೊಡಕಾಗಿದ್ದವೆಂದರೆ, ನ್ಯಾಯಾಂಗ ಮ್ಯಾಜಿಸ್ಟ್ರೇಟರೇ ಆಸ್ಪತ್ರೆಗೆ ಬಂದು ರೋಗಿಯನ್ನು ನೋಡಬೇಕಿತ್ತು. ಅದು ನಡೆಯುವ ಮಾತಾಗಿರಲಿಲ್ಲ. 2023ರ ಜನವರಿ 24ರಂದು ನ್ಯಾಯಮೂರ್ತಿ ಕೆ.ಎಂ. ಜೋಸೆಫ್ ನೇತೃತ್ವದ ಪೀಠ ಅದನ್ನು ಸಡಿಲಿಸಿತು. ಈಗ ಚಿಕಿತ್ಸೆ ನೀಡುತ್ತಿರುವ ವೈದ್ಯರು ಮತ್ತು ಕನಿಷ್ಠ 5 ವರ್ಷ ಅನುಭವವಿರುವ ಇಬ್ಬರು ತಜ್ಞರು ಪ್ರಾಥಮಿಕ ಮಂಡಳಿಯಾಗಿ ಕೂತು ನೋಡುತ್ತಾರೆ. ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿ ಹೆಸರಿಸಿದ ಒಬ್ಬ ವೈದ್ಯರಿರುವ ಎರಡನೆಯ ಮಂಡಳಿ ಅದನ್ನು ಪರಿಶೀಲಿಸುತ್ತದೆ. ಎರಡೂ ಮಂಡಳಿಗಳು ಸಾಧ್ಯವಾದಷ್ಟು ಮಟ್ಟಿಗೆ 48 ಗಂಟೆಗಳೊಳಗೆ ತಮ್ಮ ಅಭಿಪ್ರಾಯ ಹೇಳಬೇಕು. ಕುಟುಂಬದ ಒಪ್ಪಿಗೆ ಪಡೆದು, ಮ್ಯಾಜಿಸ್ಟ್ರೇಟರಿಗೆ ಮಾಹಿತಿ ತಿಳಿಸಿ, ಬಳಿಕ ಯಂತ್ರ ತೆಗೆಯಬಹುದು. ಮಂಡಳಿ ಒಪ್ಪದಿದ್ದರೆ ಹೈಕೋರ್ಟಿಗೆ ಹೋಗಬಹುದು. ನಮ್ಮ ರಾಜ್ಯದ ಸುತ್ತೋಲೆ ಹೇಳುವುದೂ ಇದನ್ನೇ.

ನಿಮ್ಮ ತಂದೆಯ ವಿಷಯದಲ್ಲಿ ಇದೊಂದೂ ನಡೆಯಲಿಲ್ಲ. ತಪ್ಪು ಇರುವುದು ಅಲ್ಲಿ. ‘ಮಾಡುವುದೇನೂ ಉಳಿದಿಲ್ಲ’ ಎಂದು ವೈದ್ಯರೇ ಬಾಯಲ್ಲಿ ಹೇಳಿ, ‘ವೈದ್ಯರ ಸಲಹೆಗೆ ವಿರುದ್ಧವಾಗಿ’ ಎಂದು ಕಾಗದದಲ್ಲಿ ನಿಮ್ಮಿಂದ ಬರೆಸಿಕೊಂಡರಲ್ಲ, ಆ ಎರಡು ಮಾತುಗಳ ನಡುವಿನ ಸುಳ್ಳನ್ನು ಈಗ ನೀವೊಬ್ಬರೇ ಹೊತ್ತುಕೊಂಡಿದ್ದೀರಿ. ನಿರ್ಧಾರ ಆಸ್ಪತ್ರೆಯದ್ದು, ಸಹಿ ಮಗಳದ್ದು. ಇದು ಒಂದು ಆಸ್ಪತ್ರೆಯ ಕಥೆಯಲ್ಲ. ಜಿಲ್ಲಾ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತಿದ್ದ ದಿನಗಳಲ್ಲಿ ನಾನೂ ಇಂಥ ಕಾಗದಗಳನ್ನು ಬರೆಸಿಕೊಂಡಿದ್ದೇನೆ. ಸಹಿ ಬರದವರ ಹೆಬ್ಬೆಟ್ಟನ್ನು ಇಂಕಿನ ಪ್ಯಾಡಿನ ಮೇಲೆ ನಾನೇ ಹಿಡಿದು ಒತ್ತಿಸಿದ್ದೂ ಉಂಟು. ಕಾನೂನಿನ ಭಯ ಎಂದು ಆಗ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಭಯವಿತ್ತು, ನಿಜ. ಆದರೆ ಆ ರೋಗಿಗಳನ್ನು ವಾರ್ಡಿನ ಒಂದು ಮೂಲೆಯಲ್ಲಿ, ಮನೆಯವರನ್ನು ಪಕ್ಕದಲ್ಲಿ ಕೂರಿಸಿ, ಉಬ್ಬಸವಾಗದಂತೆ ಔಷಧಿ ಕೊಟ್ಟು ಕಳುಹಿಸಿಕೊಡುವುದಕ್ಕೆ ಯಾವ ಕಾನೂನೂ ಅಡ್ಡಿಯಾಗಿರಲಿಲ್ಲ. ನಮ್ಮವರು ಬಾಯಿಗೆ ತುಳಸಿ ನೀರು ಬಿಡುವ ಹೊತ್ತು ಆಂಬುಲೆನ್ಸಿನ ಕುಲುಕಾಟದಲ್ಲಿ ಕಳೆದುಹೋಗಬೇಕಾಗಿರಲಿಲ್ಲ.

ತಮ್ಮನಿಗೆ ಈ ಉತ್ತರವನ್ನು ಕಳುಹಿಸಿ.

ಪ್ರಶ್ನೆ: ಅರುಣಾ ಶಾನಭಾಗ್ ನಮ್ಮ ಹಳದೀಪುರದವರು. ಅವರಿಗೆ ಸುಪ್ರೀಂ ಕೋರ್ಟ್ ದಯಾಮರಣ ನಿರಾಕರಿಸಿತು. ಆದರೆ ಅವರ ಪ್ರಕರಣದಿಂದಲೇ ದಯಾಮರಣ ಕಾನೂನುಬದ್ಧವಾಯಿತು ಎಂದೂ ಓದುತ್ತೇವೆ. ಎರಡೂ ಹೇಗೆ ನಿಜ? (ಓದುಗರು, ಹೊನ್ನಾವರ)

ಉತ್ತರ: ಎರಡೂ ನಿಜ. ಈ ಇಡೀ ಚರ್ಚೆಯಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿರುವ ಪ್ರಕರಣವೂ ಅದೇ.

ಉತ್ತರ ಕನ್ನಡದಿಂದ ಮುಂಬೈಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಅವರ ಮೇಲೆ 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ಕೆಲಸಗಾರನೊಬ್ಬ ಹಲ್ಲೆ ನಡೆಸಿದ. ನಾಯಿಗೆ ಕಟ್ಟುವ ಸರಪಳಿಯಿಂದ ಕುತ್ತಿಗೆ ಬಿಗಿದಿದ್ದರಿಂದ ಮೆದುಳಿಗೆ ರಕ್ತ ಹರಿಯುವುದು ನಿಂತು, ಅವರು ಮತ್ತೆ ಎಂದೂ ಸಹಜ ಸ್ಥಿತಿಗೆ ಮರಳಲಿಲ್ಲ. ಅದೇ ಆಸ್ಪತ್ರೆಯ ಹಾಸಿಗೆಯ ಮೇಲೆ 41 ವರ್ಷಕ್ಕೂ ಹೆಚ್ಚು ಕಾಲ ಇದ್ದರು. ಪತ್ರಕರ್ತೆ ಪಿಂಕಿ ವಿರಾನಿ, ಇದು ಬದುಕಲ್ಲ, ಆಹಾರ ಕೊಡುವುದನ್ನು ನಿಲ್ಲಿಸಿ ಅವರನ್ನು ಬಿಡುಗಡೆ ಮಾಡಬೇಕು ಎಂದು ಸುಪ್ರೀಂ ಕೋರ್ಟಿಗೆ ಹೋದರು. ಅರ್ಜಿಯನ್ನು ಬಲವಾಗಿ ವಿರೋಧಿಸಿದವರು ಕೆಇಎಂ ದಾದಿಯರು.

ಆ ವಿರೋಧವನ್ನು ಭಾವುಕತೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಗಮನಿಸಿ: ಅರುಣಾ ವೆಂಟಿಲೇಟರ್ ಮೇಲಿರಲಿಲ್ಲ. ತಾವಾಗಿ ಉಸಿರಾಡುತ್ತಿದ್ದರು. ಅರೆದು ಮೆತ್ತಗೆ ಮಾಡಿದ ಆಹಾರವನ್ನು ಬಾಯಿಗಿಟ್ಟರೆ ನುಂಗುತ್ತಿದ್ದರು. ಮೀನು ಅವರಿಗೆ ಇಷ್ಟ ಎಂದು ನೋಡಿಕೊಳ್ಳುತ್ತಿದ್ದವರು ಹೇಳುತ್ತಿದ್ದರು. ಅರ್ಜಿಯ ಹೊತ್ತಿಗೆ ಮೂರೂವರೆ ದಶಕ ಮಲಗಿದಲ್ಲೇ ಇದ್ದರೂ ಮೈಮೇಲೆ ಒಂದು ಹಾಸಿಗೆ ಹುಣ್ಣಾಗಲು ದಾದಿಯರು ಬಿಟ್ಟಿರಲಿಲ್ಲ. ಹಾಸಿಗೆ ಹುಣ್ಣು ಎಂದರೇನು ಎಂದು ಗೊತ್ತಿರುವ ಯಾರಿಗಾದರೂ ಇದು ಎಂಥ ಮಾತು ಎಂಬುದು ಅರ್ಥವಾಗುತ್ತದೆ: ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಬೆನ್ನೊರೆಸಿ ಒಣಗಿಸಬೇಕು, ಬಟ್ಟೆಯ ಒಂದು ಮಡಿಕೆಯೂ ಮೈಗೆ ಒತ್ತದಂತೆ ನೋಡಬೇಕು, ಹಗಲೂ ರಾತ್ರಿ, ಹಬ್ಬದ ದಿನವೂ. ಅರುಣಾ ಅವರ ಜೊತೆ ಕೆಲಸ ಮಾಡಿದವರು ನಿವೃತ್ತರಾದ ಮೇಲೆ, ಅವರನ್ನು ನಡೆದಾಡುವಾಗ ಎಂದೂ ಕಂಡಿರದ ಹೊಸ ಹುಡುಗಿಯರು ಆ ಕೆಲಸವನ್ನು ಮುಂದುವರಿಸಿದರು.

2011ರ ಮಾರ್ಚ್ 7ರಂದು ನ್ಯಾಯಮೂರ್ತಿಗಳಾದ ಮಾರ್ಕಂಡೇಯ ಕಾಟ್ಜು ಮತ್ತು ಜ್ಞಾನಸುಧಾ ಮಿಶ್ರಾ ಅವರ ಪೀಠ ಅರ್ಜಿಯನ್ನು ವಜಾ ಮಾಡಿತು. ಅರುಣಾ ಅವರ ಪರವಾಗಿ ಮಾತನಾಡುವ ಹಕ್ಕು ಇರುವುದು ಇಷ್ಟು ವರ್ಷ ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿಗೇ ಹೊರತು ಅರ್ಜಿದಾರರಿಗಲ್ಲ ಎಂದಿತು. ಅದೇ ತೀರ್ಪಿನಲ್ಲಿ, ಹೈಕೋರ್ಟಿನ ಅನುಮತಿ ಪಡೆದು ಜೀವರಕ್ಷಕ ಚಿಕಿತ್ಸೆ ನಿಲ್ಲಿಸಬಹುದು ಎಂಬ ಬಾಗಿಲನ್ನೂ ತೆರೆಯಿತು. ಬಾಗಿಲು ಅವರ ಹೆಸರಿನಲ್ಲಿ ತೆರೆಯಿತು, ಅವರಿಗೆ ತೆರೆಯಲಿಲ್ಲ. 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಂಡರು.

ಕೋರ್ಟು ಸರಿಯೋ ತಪ್ಪೋ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಉಣಿಸುವ ಕೈ ಇದ್ದು, ಅದು ದಣಿದಿಲ್ಲದಿರುವಾಗ ಹೊರಗಿನವರು ಬಂದು ತುತ್ತು ನಿಲ್ಲಿಸಿ ಎನ್ನಲಾಗದು ಎಂಬ ತೀರ್ಮಾನ ನನಗೆ ಸರಿಯೆನಿಸುತ್ತದೆ. ಆದರೆ ಅರುಣಾ ಅವರಿಗೇ ಏನು ಬೇಕಿತ್ತು? ಪಿಂಕಿ ವಿರಾನಿಗೂ ಅದು ಗೊತ್ತಿರಲಿಲ್ಲ, ದಾದಿಯರಿಗೂ ಗೊತ್ತಿರಲಿಲ್ಲ. ಇಬ್ಬರೂ ಪ್ರೀತಿಯಿಂದಲೇ ಮಾತನಾಡಿದರು. ಒಬ್ಬರು ಆಕೆ ಹೋಗಲಿ ಎಂದರು, ಇನ್ನೊಬ್ಬರು ಇರಲಿ ಎಂದರು.

ಪ್ರಶ್ನೆ: ವೆಂಟಿಲೇಟರ್ ತೆಗೆದರೆ ರೋಗಿ ಸಾಯುತ್ತಾನೆ ಎಂದು ಗೊತ್ತಿದ್ದೇ ತೆಗೆಯುತ್ತೇವೆ. ಇಂಜೆಕ್ಷನ್ ಕೊಟ್ಟರೂ ಸಾಯುತ್ತಾನೆ. ಉದ್ದೇಶವೂ ಒಂದೇ, ಫಲವೂ ಒಂದೇ. ಗಂಟೆಗಟ್ಟಲೆ ಏದುಸಿರು ಬಿಡುವುದಕ್ಕಿಂತ ಇಂಜೆಕ್ಷನ್ನೇ ಹೆಚ್ಚು ದಯೆಯಲ್ಲವೇ? ಒಂದನ್ನು ಒಪ್ಪಿ ಇನ್ನೊಂದನ್ನು ಜೈಲಿಗೆ ಕಳುಹಿಸುವುದು ಆಷಾಢಭೂತಿತನವಲ್ಲವೇ? (ಕಾನೂನು ವಿದ್ಯಾರ್ಥಿ, ಧಾರವಾಡ)

ಉತ್ತರ: ತರ್ಕದಲ್ಲಿ ನಿಮ್ಮನ್ನು ಸೋಲಿಸುವುದು ಕಷ್ಟ. ಮಾಡುವುದಕ್ಕೂ ಬಿಡುವುದಕ್ಕೂ ನಡುವಿನ ಗೆರೆ ನಾವು ವೈದ್ಯರು ಹೇಳಿಕೊಳ್ಳುವಷ್ಟು ದಪ್ಪವಾಗಿಲ್ಲ. ವೆಂಟಿಲೇಟರಿನ ಗುಂಡಿ ಒತ್ತುವ ಬೆರಳೂ ಬೆರಳೇ. ನಿಮ್ಮ ಮಾತಿನಲ್ಲಿ ಒಂದು ತಿದ್ದುಪಡಿ ಮಾತ್ರ: ಯಂತ್ರ ತೆಗೆಯುವ ಮುನ್ನ ಉಬ್ಬಸ ತಿಳಿಯದಂತೆ ಔಷಧಿ ಕೊಡುವುದು ವೈದ್ಯರ ಕರ್ತವ್ಯ. ಆದ್ದರಿಂದ ಗಂಟೆಗಟ್ಟಲೆ ಏದುಸಿರು ಎಂಬುದು ಚಿಕಿತ್ಸೆ ನಿಲ್ಲಿಸಿದ್ದರ ಫಲವಲ್ಲ, ಅದನ್ನು ಕೆಟ್ಟದಾಗಿ ನಿಲ್ಲಿಸಿದ್ದರ ಫಲ.

ಆದರೂ ನಾನು ಗೆರೆಯ ಈಚೆಗೇ ನಿಂತಿದ್ದೇನೆ. ಕಾರಣವನ್ನು ತರ್ಕದಲ್ಲಿ ಹೇಳುವುದಕ್ಕಿಂತ ಇಬ್ಬರು ರೋಗಿಗಳ ಮೂಲಕ ಹೇಳುತ್ತೇನೆ.

ಮೊದಲನೆಯವರು ಐವತ್ತು ದಾಟಿದ ರೈತ. ಬಾಯಿಯ ಕ್ಯಾನ್ಸರ್, ದವಡೆಯನ್ನು ತಿಂದು ಕೆನ್ನೆಯಲ್ಲಿ ತೂತಾಗಿತ್ತು, ನೀರು ಕುಡಿದರೆ ಹೊರಗೆ ಸೋರುತ್ತಿತ್ತು. ಟವೆಲಿನಿಂದ ಕೆನ್ನೆ ಮುಚ್ಚಿಕೊಂಡೇ ಒಳಗೆ ಬಂದವರು ಕೈ ಹಿಡಿದು, ‘ಡಾಕ್ಟ್ರೇ, ಒಂದು ಇಂಜೆಕ್ಷನ್ ಹಾಕಿ ಮುಗಿಸಿಬಿಡಿ, ಪುಣ್ಯ ಬರ್ತದೆ’ ಎಂದರು. ಮೂರು ವಾರದಿಂದ ಮಲಗಿ ನಿದ್ದೆ ಮಾಡಿರಲಿಲ್ಲ. ಯಾರೂ ಅವರಿಗೆ ತೀವ್ರ ನೋವನ್ನು ಶಮನಗೊಳಿಸುವ ಮಾರ್ಫಿನ್ ಕೊಟ್ಟಿರಲಿಲ್ಲ. ಅದನ್ನು ಇಟ್ಟುಕೊಳ್ಳುವ ಪರವಾನಗಿ ಇದ್ದ ಔಷಧಿ ಅಂಗಡಿಯೇ ಸುತ್ತಮುತ್ತ ಇರಲಿಲ್ಲ. 1985ರ ಮಾದಕ ವಸ್ತುಗಳ ಕಾಯ್ದೆ ಎಷ್ಟು ಪರವಾನಗಿಗಳನ್ನು ಕೇಳುತ್ತಿತ್ತೆಂದರೆ, 2014ರಲ್ಲಿ ಸಂಸತ್ತು ಅದನ್ನು ತಿದ್ದುವ ತನಕ ಬಹುಪಾಲು ಆಸ್ಪತ್ರೆಗಳು ಮಾರ್ಫಿನ್ ಸಹವಾಸವೇ ಬೇಡ ಎಂದು ಕೈತೊಳೆದುಕೊಂಡಿದ್ದವು. ಬೆಂಗಳೂರಿನಿಂದ ಮಾತ್ರೆ ತರಿಸಿ ನಾಲ್ಕು ಗಂಟೆಗೊಮ್ಮೆ ಕೊಡಲು ಶುರು ಮಾಡಿದೆವು. ಮೂರನೆಯ ದಿನ ಬೆಳಿಗ್ಗೆ ಹೋದರೆ ಅವರು ಗೋಡೆಗೊರಗಿ ಕೂತು, ತೆಳ್ಳಗಿನ ರಾಗಿ ಗಂಜಿಯನ್ನು ಕೆನ್ನೆಗೆ ಬಟ್ಟೆ ಒತ್ತಿ ಹಿಡಿದು ಕುಡಿಯುತ್ತ, ಊರಿನಲ್ಲಿ ಗಬ್ಬದ ಹಸು ಕರು ಹಾಕಿತೇ ಎಂದು ಮಗನನ್ನು ವಿಚಾರಿಸುತ್ತಿದ್ದರು. ಏಳು ವಾರ ಬದುಕಿದರು. ಇಂಜೆಕ್ಷನ್ ಮಾತು ಮತ್ತೆ ಬರಲಿಲ್ಲ. ಕಾನೂನು ಇದ್ದಿದ್ದರೆ ಮೊದಲ ದಿನವೇ ಎಲ್ಲ ಅರ್ಹತೆಗಳೂ ಅವರಿಗಿದ್ದವು: ಗುಣವಾಗದ ರೋಗ, ಸಹಿಸಲಾಗದ ನೋವು, ಸ್ವಂತ ಬಾಯಿಂದ ಬಂದ ಕೋರಿಕೆ.

ಇಷ್ಟಕ್ಕೇ ನಿಲ್ಲಿಸಿದರೆ ನನ್ನ ವಾದ ಸೊಗಸಾಗಿ ಕಾಣುತ್ತದೆ. ಆದರೆ ಎರಡನೆಯವರಿದ್ದಾರೆ. ನಿವೃತ್ತ ಶಿಕ್ಷಕಿ. ನರಕೋಶಗಳು ಒಂದೊಂದಾಗಿ ಸೋತು ಸ್ನಾಯುಗಳೆಲ್ಲ ಸೊರಗುವ ರೋಗ. ನೋವಿರಲಿಲ್ಲ, ಹಣದ ತೊಂದರೆ ಇರಲಿಲ್ಲ, ನೋಡಿಕೊಳ್ಳಲು ಸೊಸೆ ಮತ್ತು ದಾದಿ ಇದ್ದರು. ಮಾತು ನಿಂತ ಮೇಲೆ ಅಕ್ಷರಗಳ ಹಲಗೆಯ ಮೇಲೆ ಕಣ್ಣಾಡಿಸಿ ಒಂದೊಂದೇ ಅಕ್ಷರ ತೋರಿಸಿ ನನಗೆ ತಿಳಿಸಿದ್ದು ಇಷ್ಟು: ‘ಸಾಕು. ನಾನು ಮುಗಿಸಿದ್ದೇನೆ.’ ಅವರಿಗೆ ಕೊಡಲು ನನ್ನ ಬಳಿ ಮಾತ್ರೆಯೂ ಇರಲಿಲ್ಲ, ವಾದವೂ ಇರಲಿಲ್ಲ. ಅಮೆರಿಕದ ಒರೆಗಾನ್ ರಾಜ್ಯದಲ್ಲಿ ನೆರವಿನ ಸಾವಿಗೆ 1997ರಿಂದ ಅವಕಾಶವಿದೆ. ಅಲ್ಲಿನ ವಾರ್ಷಿಕ ವರದಿಗಳಲ್ಲಿ ರೋಗಿಗಳು ಕೊಡುವ ಕಾರಣಗಳ ಪಟ್ಟಿಯ ಮೇಲ್ತುದಿಯಲ್ಲಿ ನೋವು ಇಲ್ಲ. ತನ್ನ ಬದುಕು ತನ್ನ ಹಿಡಿತದಲ್ಲಿಲ್ಲ ಎಂಬ ಸಂಕಟ, ಸಂತೋಷ ಕೊಡುತ್ತಿದ್ದ ಯಾವುದನ್ನೂ ಮಾಡಲಾಗದ ಸ್ಥಿತಿ, ಘನತೆ ಹೋಯಿತೆಂಬ ಭಾವನೆ, ಇವು ಇವೆ. ಅಂದರೆ, ನೋವು ಶಮನಗೊಳಿಸಿದರೆ ಯಾರೂ ಸಾವು ಕೇಳುವುದಿಲ್ಲ ಎಂದು ನನ್ನಂಥವರು ಹೇಳುವುದು ಅರ್ಧ ಸತ್ಯ.

ಹಾಗಿದ್ದರೂ ನಾನು ಇಂದು ಸಕ್ರಿಯ ದಯಾಮರಣದ ಕಾನೂನಿಗೆ ಒಪ್ಪುವುದಿಲ್ಲ. ಆ ಶಿಕ್ಷಕಿಯಂಥ ಒಬ್ಬರಿಗಾಗಿ ಮಾಡಿದ ಕಾನೂನನ್ನು ಬಾಗಿಲಿನಲ್ಲಿ ಬಂದು ಕೇಳುವವರಲ್ಲಿ ಆ ರೈತನಂಥವರೇ ಬಹಳ ಮಂದಿ ಇರುತ್ತಾರೆ. ಬೆಂಗಳೂರಿನ ಕರುಣಾಶ್ರಯದಲ್ಲಿ 1999ರಿಂದ ಕ್ಯಾನ್ಸರಿನ ಕೊನೆಯ ಹಂತದವರನ್ನು ಒಂದು ಪೈಸೆ ಪಡೆಯದೆ ನೋಡಿಕೊಳ್ಳುತ್ತಾರೆ. ಕೇರಳದಲ್ಲಿ 1993ರಲ್ಲಿ ಕೋಳಿಕ್ಕೋಡಿನ ಆಸ್ಪತ್ರೆಯೊಂದರಿಂದ ಹೊರಟ ಉಪಶಾಮಕ ಆರೈಕೆ, ಅಂದರೆ ಗುಣವಾಗದ ರೋಗಿಯ ನೋವು ಸಂಕಟ ಕಡಿಮೆ ಮಾಡುವ ಆರೈಕೆ, 2008ರಲ್ಲಿ ಸರ್ಕಾರದ ನೀತಿಯೇ ಆಗಿ, ಪಂಚಾಯಿತಿಯ ದಾದಿ ಮನೆಬಾಗಿಲಿಗೆ ಬರುವಂತಾಗಿದೆ. ನಮ್ಮ ತಾಲ್ಲೂಕುಗಳಲ್ಲಿ ಇದು ಎಲ್ಲಿದೆ? ಇದು ಸಿಗುವ ತನಕ, ಸಾವನ್ನು ಆರಿಸಿಕೊಂಡೆ ಎನ್ನುವ ನಮ್ಮ ರೋಗಿಯ ಮುಂದೆ ಆರಿಸಲು ಇನ್ನೊಂದು ವಸ್ತು ಇರುವುದಿಲ್ಲ. ಆ ಶಿಕ್ಷಕಿಗೆ ಇದರಿಂದ ಅನ್ಯಾಯವಾಗುತ್ತದೆ. ಅದನ್ನು ಒಪ್ಪಿಕೊಂಡೇ ಹೇಳುತ್ತಿದ್ದೇನೆ.

ಪ್ರಶ್ನೆ: ನನ್ನ ಮಗಳು ಕೆನಡಾದಲ್ಲಿದ್ದಾಳೆ. ಅಲ್ಲಿ ಇದು ಕಾನೂನುಬದ್ಧ. ನೆದರ್ಲೆಂಡ್ಸ್, ಬೆಲ್ಜಿಯಂಗಳಲ್ಲೂ ಇದೆ. ಅಲ್ಲೇನೂ ಆಕಾಶ ಕಳಚಿ ಬಿದ್ದಿಲ್ಲವಲ್ಲ? (ಓದುಗರು, ಮೈಸೂರು)

ಉತ್ತರ: ಬಿದ್ದಿಲ್ಲ, ನಿಜ. ನೆದರ್ಲೆಂಡ್ಸಿನಲ್ಲಿ 2002ರ ಏಪ್ರಿಲ್ 1ರಿಂದ ಕಾನೂನು ಜಾರಿಯಲ್ಲಿದೆ, ಪ್ರತಿ ಪ್ರಕರಣವನ್ನೂ ಪರಿಶೀಲನಾ ಸಮಿತಿಗಳು ನೋಡುತ್ತವೆ. ಆದರೆ ಅಲ್ಲಿ ಎಲ್ಲರಿಗೂ ಆರೋಗ್ಯ ವಿಮೆಯಿದೆ, ವರ್ಷಗಳಿಂದ ರೋಗಿಯನ್ನು ಬಲ್ಲ ಕುಟುಂಬ ವೈದ್ಯರಿದ್ದಾರೆ. ಐಸಿಯು ಬಿಲ್ಲಿಗಾಗಿ ಹೊಲ ಮಾರುವ ಮನೆಯಲ್ಲಿ ‘ನನ್ನನ್ನು ಬಿಟ್ಟುಬಿಡಿ’ ಎಂದು ಅಜ್ಜ ಹೇಳಿದರೆ, ಆ ಮಾತಿನಲ್ಲಿ ಅಜ್ಜ ಎಷ್ಟು, ಹೊಲ ಎಷ್ಟು ಎಂದು ಬೇರ್ಪಡಿಸುವುದು ಹೇಗೆ?

ಕೆನಡಾದ ಉದಾಹರಣೆಯಂತೂ ಎರಡೂ ಪಕ್ಷದವರಿಗೆ ಉಪಯೋಗಕ್ಕೆ ಬರುತ್ತದೆ. 2016ರಲ್ಲಿ ಕಾನೂನು ಬಂದಾಗ ಸಾವು ಹತ್ತಿರದಲ್ಲೇ ಕಾಣುತ್ತಿರಬೇಕು ಎಂಬ ಷರತ್ತಿತ್ತು. 2021ರಲ್ಲಿ ಆ ಷರತ್ತನ್ನು ತೆಗೆದರು. ಮನೋರೋಗವೊಂದೇ ಕಾರಣವಾಗಿರುವವರಿಗೂ ವಿಸ್ತರಿಸಲು ಹೊರಟು, ಸಿದ್ಧತೆ ಸಾಲದೆಂದು ಮುಂದೂಡುತ್ತ ಬಂದು, 2027ರ ಮಾರ್ಚ್ ತನಕ ತಳ್ಳಿದರು. ಬೇಲಿಯನ್ನು ಎಲ್ಲಿ ಹಾಕಿದರೂ, ಹೊರಗೆ ಉಳಿದವರು ‘ನಮ್ಮ ಸಂಕಟ ಯಾವುದರಲ್ಲಿ ಕಡಿಮೆ’ ಎಂದು ನ್ಯಾಯವಾಗಿಯೇ ಕೇಳುತ್ತಾರೆ. ಜಾರುಬಂಡೆಯ ಭಯ ಎಂದು ಇದನ್ನು ಗೇಲಿ ಮಾಡುವವರಿದ್ದಾರೆ. ಸಮಾನತೆಯ ತರ್ಕವೇ ಬೇಲಿಯನ್ನು ಸರಿಸುತ್ತ ಹೋಗುತ್ತದೆ, ಅದಕ್ಕೆ ದುರುದ್ದೇಶ ಬೇಕಿಲ್ಲ.

ಪ್ರಶ್ನೆ: ನಮ್ಮ ಜೈನರಲ್ಲಿ ಸಲ್ಲೇಖನ ಇದೆ. ಅದೂ ದಯಾಮರಣವೇ ಎಂದು ಕೆಲವರು ಹೇಳುತ್ತಾರೆ. ನಿಮ್ಮ ಅಭಿಪ್ರಾಯ? (ಓದುಗರು, ಹಾಸನ ಜಿಲ್ಲೆ)

ಉತ್ತರ: ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ, ಸುಮಾರು ಏಳನೆಯ ಶತಮಾನದಿಂದ, ಸಲ್ಲೇಖನದಿಂದ, ಅಂದರೆ ಆಹಾರ ಬಿಡುವ ವ್ರತದಿಂದ, ದೇಹ ಬಿಟ್ಟವರ ಶಾಸನಗಳಿವೆ, ಅಂಥವರ ನೆನಪಿಗೆ ನಿಲ್ಲಿಸಿದ ನಿಸಿದಿಗಲ್ಲುಗಳನ್ನು ನೋಡದ ಕನ್ನಡಿಗರು ಕಡಿಮೆ. ರಾಜಸ್ಥಾನ ಹೈಕೋರ್ಟು 2015ರ ಆಗಸ್ಟ್ 10ರಂದು ಸಂಥಾರಾ, ಅಂದರೆ ಸಲ್ಲೇಖನ, ಆತ್ಮಹತ್ಯೆಗೆ ಸಮ ಎಂದು ತೀರ್ಪು ಕೊಟ್ಟಿತು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟು ಅದಕ್ಕೆ ತಡೆ ನೀಡಿತು.

ನನ್ನ ದೃಷ್ಟಿಯಲ್ಲಿ ಎರಡರ ಹೋಲಿಕೆ ಹೊರನೋಟದ್ದು. ದಯಾಮರಣದ ಬೇರು ನೋವಿನಿಂದ ತಪ್ಪಿಸಿಕೊಳ್ಳುವ ಬಯಕೆಯಲ್ಲಿದೆ. ಸಲ್ಲೇಖನದಲ್ಲಿ ಸಾವನ್ನು ಬಯಸುವುದೂ ಒಂದು ದೋಷವೇ, ಬದುಕನ್ನು ಬಯಸುವಂತೆಯೇ. ಗುರುವಿನ ಅನುಮತಿ ಬೇಕು, ಆಹಾರವನ್ನು ಹಂತ ಹಂತವಾಗಿ ಬಿಡಬೇಕು, ಇನ್ನೊಬ್ಬರ ಕೈ ಅದರಲ್ಲಿ ಬರುವುದಿಲ್ಲ. ನನಗೆ ಮೆಚ್ಚುಗೆಯಾಗುವುದು ಅದರ ನಿಧಾನ. ಆದರೆ ವೃದ್ಧರೊಬ್ಬರು ವ್ರತ ಹಿಡಿದ ಮೇಲೆ ಮನಸ್ಸು ಬದಲಿಸಿದರೆ, ಊರಿನವರ ಗೌರವ, ಮೆರವಣಿಗೆ, ದರ್ಶನದ ಸಾಲು ಇವೆಲ್ಲದರ ನಡುವೆ ‘ನನಗೆ ಗಂಜಿ ಬೇಕು’ ಎಂದು ಹೇಳುವ ಧೈರ್ಯ ಅವರಿಗೆ ಉಳಿದಿರುತ್ತದೆಯೇ ಎಂಬ ಪ್ರಶ್ನೆಯನ್ನು ಸಮುದಾಯವೇ ಕೇಳಿಕೊಳ್ಳಬೇಕು. ಅದು ಕೋರ್ಟಿನ ಕೆಲಸವಲ್ಲ.

ಪ್ರಶ್ನೆ: ಅಮ್ಮನಿಗೆ 84. ಮಂಡಿ ನೋವು ಬಿಟ್ಟರೆ ದೊಡ್ಡ ಕಾಯಿಲೆ ಇಲ್ಲ. ದಿನಾ ಸಂಜೆ ‘ದೇವರು ನನ್ನನ್ನು ಯಾಕೆ ಕರೆಸಿಕೊಳ್ಳುತ್ತಿಲ್ಲ’ ಎನ್ನುತ್ತಾರೆ. ಇದನ್ನು ಸಾಯುವ ಇಚ್ಛೆ ಎಂದು ತಿಳಿಯಬೇಕೇ? (ಓದುಗಿ, ತುಮಕೂರು)

ಉತ್ತರ: ‘ಅನಾಯಾಸೇನ ಮರಣಂ, ವಿನಾ ದೈನ್ಯೇನ ಜೀವನಂ’ ಎಂದು ನಮ್ಮ ಹಿರಿಯರು ದಿನವೂ ಪ್ರಾರ್ಥಿಸುತ್ತಿದ್ದರು. ಆ ಸಾಲಿನ ಎರಡನೆಯ ಅರ್ಧವನ್ನು ಗಮನಿಸಿ: ದೈನ್ಯವಿಲ್ಲದ ಬದುಕು. ವಯಸ್ಸಾದವರು ಮೊದಲನೆಯ ಅರ್ಧವನ್ನು ಜೋರಾಗಿ ಹೇಳುವುದು ಹೆಚ್ಚಾಗಿ ಎರಡನೆಯದು ಕೈತಪ್ಪಿದಾಗ. ದಿನಾ ಸಂಜೆ ಎಂದು ಬರೆದಿದ್ದೀರಿ. ಸಂಜೆ ಏನಾಗುತ್ತದೆ? ನೋವು ಹೆಚ್ಚುತ್ತದೆಯೇ, ಶೌಚಾಲಯಕ್ಕೆ ಹೋಗಲು ಯಾರನ್ನಾದರೂ ಕರೆಯಬೇಕಾಗುತ್ತದೆಯೇ, ಮನೆಮಂದಿಯೆಲ್ಲ ಬಂದು ಅವರವರ ಮೊಬೈಲು ಹಿಡಿದು ಕೂರುತ್ತಾರೆಯೇ? ಹಗಲು ಹೇಗಿರುತ್ತಾರೆ, ನಿದ್ದೆ ಊಟ ಕಡಿಮೆಯಾಗಿದೆಯೇ ಎಂದು ನೋಡಿ; ಆಗಿದ್ದರೆ ಖಿನ್ನತೆ ಇರಬಹುದು, ಈ ವಯಸ್ಸಿನಲ್ಲೂ ಅದಕ್ಕೆ ಚಿಕಿತ್ಸೆ ಇದೆ. ಮಂಡಿ ನೋವಿಗೆ ವಯಸ್ಸನ್ನು ದೂರದೆ ವೈದ್ಯರನ್ನು ಕಾಣಿಸಿ.

ತಮಿಳುನಾಡಿನ ದಕ್ಷಿಣದ ಕೆಲವು ಹಳ್ಳಿಗಳಲ್ಲಿ ಹಾಸಿಗೆ ಹಿಡಿದ ಮುದುಕರಿಗೆ ಎಣ್ಣೆ ಸ್ನಾನ ಮಾಡಿಸಿ, ಎಳನೀರು ಕುಡಿಸಿ ಸಾವು ತರಿಸುವ ‘ತಲೈಕೂತಲ್’ ಎಂಬ ಪದ್ಧತಿಯಿದೆ. ಕಾನೂನಿನ ಪ್ರಕಾರ ಅದು ಕೊಲೆ. ಅದಕ್ಕೂ ಮನೆಯವರು ಕೊಡುವ ಕಾರಣ ‘ಅವರೇ ಸಾಕು ಅಂತಿದ್ರು’. ನೀವು ಅಂಥವರಲ್ಲ, ಅಂಥವರು ಈ ಪತ್ರ ಬರೆಯುವುದಿಲ್ಲ. ಆದರೆ ಆ ಮಾತು ಎಷ್ಟು ಸುಲಭವಾಗಿ ಅನುಮತಿಯಾಗಿಬಿಡುತ್ತದೆ ಎಂಬುದಕ್ಕೆ ಹೇಳಿದೆ. ನಾಳೆ ಸಂಜೆ ಅಮ್ಮ ಹಾಗೆ ಅಂದಾಗ ‘ಹಾಗೆಲ್ಲ ಅನ್ಬೇಡಿ’ ಎಂದು ಬಾಯಿ ಮುಚ್ಚಿಸದೆ, ‘ಇವತ್ತು ಯಾಕಮ್ಮ ಹಾಗನ್ನಿಸ್ತು’ ಎಂದು ಕೇಳಿ ನೋಡಿ.

ಪ್ರಶ್ನೆ: ಮುಂಗಡ ವೈದ್ಯಕೀಯ ನಿರ್ದೇಶನ, ಅಂದರೆ ಲಿವಿಂಗ್ ವಿಲ್, ಬರೆಯುವುದು ಹೇಗೆ? ನೀವು ಬರೆದಿಟ್ಟಿದ್ದೀರಾ? (ಓದುಗರು, ಬೆಂಗಳೂರು)

ಉತ್ತರ: 18 ವರ್ಷ ತುಂಬಿದ, ಸ್ವಸ್ಥ ಮನಸ್ಸಿನ ಯಾರಾದರೂ ಬರೆಯಬಹುದು. ಯಾವ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಡ ಎಂಬುದನ್ನು ಗೊಂದಲವಿಲ್ಲದೆ ಬರೆಯಬೇಕು. ನಿಮಗೆ ಮಾತನಾಡುವ ಸಾಮರ್ಥ್ಯ ಇಲ್ಲದಾಗ ನಿಮ್ಮ ಪರವಾಗಿ ನಿರ್ಧರಿಸುವವರ ಹೆಸರು ಹಾಕಬೇಕು. ಒಬ್ಬರಿಗಿಂತ ಹೆಚ್ಚು ಮಂದಿಯನ್ನು ಹೆಸರಿಸಬಹುದು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು, ವಕೀಲರೇ ಬೇಕೆಂದಿಲ್ಲ. ಒಂದು ಪ್ರತಿ ಸ್ಥಳೀಯ ಸಂಸ್ಥೆಯ ನಿಯೋಜಿತ ಅಧಿಕಾರಿಯ ಬಳಿ ಇರಬೇಕು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬರಹದಲ್ಲಿ ರದ್ದುಪಡಿಸಬಹುದು. ನನ್ನ ಸಲಹೆ ಇನ್ನೊಂದಿದೆ: ಕಾಗದ ಬರೆಯುವ ಮೊದಲು ಮಕ್ಕಳೊಡನೆ ಕೂತು ಮಾತನಾಡಿ. ಐಸಿಯು ಬಾಗಿಲಲ್ಲಿ ಜಗಳವಾಡುವ ಅಕ್ಕ ತಮ್ಮಂದಿರಿಗೆ ಅಪ್ಪನ ಧ್ವನಿ ನೆನಪಿರಬೇಕು, ಬರೀ ಸಹಿ ಸಾಲದು.

ನನ್ನದರ ಬಗ್ಗೆ ಕೇಳಿದ್ದೀರಿ. ಎರಡು ಪುಟ ಬರೆದಿದ್ದೇನೆ. ಗುಣವಾಗದೆಂದು ಖಚಿತವಾದ ಮೇಲೆ ವೆಂಟಿಲೇಟರ್ ಬೇಡ, ಡಯಾಲಿಸಿಸ್ ಬೇಡ, ಹೃದಯ ನಿಂತರೆ ಎದೆ ಒತ್ತುವುದು ಬೇಡ, ನೋವಿಗೆ ಮಾತ್ರ ಜಿಪುಣತನ ಮಾಡದೆ ಔಷಧಿ ಕೊಡಿ. ಇಷ್ಟನ್ನು ಬರೆಯಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ಓದಿ ನೋಡಿದ ನನ್ನ ಹೆಂಡತಿ, ‘ಮೂಗಿನ ನಳಿಕೆಯಲ್ಲಿ ಊಟ ಕೊಡುವುದರ ಬಗ್ಗೆ ಏನೂ ಬರೆದಿಲ್ಲವಲ್ಲ’ ಎಂದಳು. ಬೇಡ ಎಂದು ಬರೆದೆ. ‘ಹಾಗಾದರೆ ನಾನು ಎದುರಿಗೆ ಕೂತು ನಿಮಗೆ ಊಟ ಕೊಡದೆ ನೋಡುತ್ತಿರಬೇಕಾ?’ ಎಂದಳು. ಹೊಡೆದುಹಾಕಿದೆ. ನಳಿಕೆಯ ಆಹಾರ ಚಿಕಿತ್ಸೆ ಎಂದು ವೈದ್ಯನಾಗಿ ನೂರು ಸಲ ವಿವರಿಸಿದ್ದೇನೆ. ಅವಳಿಗೆ ಅದು ಊಟ. ಕೆಇಎಂ ದಾದಿಯರಿಗೂ ತುತ್ತು ತುತ್ತೇ ಆಗಿತ್ತಲ್ಲವೇ. ಆ ಸಾಲಿನ ಜಾಗ ಹಾಗೆಯೇ ಖಾಲಿ ಇದೆ, ನೋಟರಿಯ ಬಳಿ ಹೋಗುವುದೂ ಅಲ್ಲಿಗೇ ನಿಂತಿದೆ.